ಪಾಸ್ ತೋರಸ್ರಿ

ಇಪ್ಪತ್ತಾರು ವರ್ಷ ಕೇಳಿದ್ದು ಒಂದಽ ಮಾತು:
ಪಾಸ್ ತೋರಸ್ರಿ.
ಸಾಲಿ ಹುಡುಗರಿಗೆ, ಕೋಲೂರಿ ಹತ್ತಿದ ಅಜ್ಜಗ,
ನನ್ನ ಕಂಡಕೂಡಲೇ ನಿದ್ದಿ ಬರೋ ನೌಕರದಾರರಿಗೆ.
ಹಂಗಾಗಿ ಕೇಶ್ವಾಪುರದ ಆ ಜಿಮ್ಮಿಗೆ,
ಬೇಕರಿ ಮ್ಯಾಲಿನ ಮಾಳಿಗಿ, ಹೆಣ್ಮಕ್ಕಳ ಹೊತ್ತು ಹನ್ನೊಂದಕ್ಕ,
ಸೊಂಟ ಹಿಡಕೊಂಡು ಮೆಟ್ಟಲಾ ಹತ್ತಿ ಹೋದಾಕಿ
ಮೊದಲ ಕೇಳಿದ್ದೂ ಅದನ್ನ:
ನಿನ್ನ ಸರ್ಟಿಫಿಕೇಟ್ ಎಲ್ಲೈತಿ, ತಂಗಿ?

ದಿಲ್ಶಾದ ನವಲೂರ ನಕ್ಕಳು.
ಗ್ವಾಡಿ ತುಂಬ ಕನ್ನಡಿ, ಕಾಗದ ಇರಲಿಲ್ಲ.
"ನಮ್ಮಜ್ಜ ಹಳೇಹುಬ್ಬಳ್ಳಿ ಗರಡಿ ವಸ್ತಾದ್ರಿ.
ಕೆಮ್ಮಣ್ಣಿಗೆ ಎಣ್ಣಿ ಮಜ್ಜಿಗಿ ಒಯ್ದು ಕೊಡೋದು ನನ್ನ ಪಾಳಿ.
ಒಳಗ ಬಿಡತಿರಲಿಲ್ಲ. ಕಿಡಕ್ಯಾಗ ನಿಂತು ಕಲತೆ."

ಕಿಡಕ್ಯಾಗ ನಿಂತು ಕಲತದ್ದು!
ನನಗ ಚನ್ನಬಸವ್ವ ನೆನಪಾದಳು, ನಮ್ಮ ಡಿಪೋದಾಕಿ.
ವಿದ್ಯಾನಗರದಾಗ ಒಬ್ಬಾಂವ, ಕೊಬ್ಬಿದ ಹೋರಿಯಂಥಾ ಹೆಗಲು,
ಮೊದಲ ದಿನಾನ ಆಕಿ ಬೆನ್ನ ಮ್ಯಾಲ ನಲವತ್ತು ಕಿಲೋ ಇಟ್ಟು
"ಇನ್ನೊಂದು, ಇನ್ನೊಂದು" ಅಂತ ಚಪ್ಪಾಳಿ ಬಡದ.
ಈಗ ಆಕಿ ಡಿಪೋದಾಗ ಕುಂತು ಲೆಕ್ಕ ಬರೀತಾಳ.
ಕುಂತು ಅಂದ್ರ, ಒಂದಽ ಮಗ್ಗಲಿಗೆ.
ಕೇಳಾಕ ಹೋದವರಿಗೆ ಅಂವಾ ಅಂದನಂತ:
ನನ್ನ ಮೈ ನೋಡ್ರಿ, ಇದಽ ನನ್ನ ಸರ್ಟಿಫಿಕೇಟ್.

ಮೈ ಅವಂದು. ಮುರದದ್ದು ಆಕೀದು.

ಇಷ್ಟಕ್ಕ ಬಿಟ್ರ ನಾ ಗೆದ್ದಂಗ.
ಆದ್ರ ನನ್ನ ಟ್ರಂಕಿನ್ಯಾಗೂ ಒಂದು ಕಾಗದ ಐತಿ.
ಕಂಡಕ್ಟರ್ ಬಿಲ್ಲೆ ಬೇಕಂದ್ರ ಪ್ರಥಮ ಚಿಕಿತ್ಸೆ ಕಲತಿರಬೇಕು.
ಒಂದು ಮುಂಜಾನೆ ಕುಂತೆ. ಅವಲಕ್ಕಿ ಕೊಟ್ರು, ಚಹಾ ಕೊಟ್ರು,
ಗೊಂಬಿ ಎದಿ ಒತ್ತಿಸಿ ಶಿಕ್ಕಾ ಒತ್ತಿದ್ರು.
ಹತ್ತೊಂಬತ್ತು ವರ್ಷದ ಮ್ಯಾಲ, ಭದ್ರಾಪುರದ ಹಂತ್ಯಾಕ,
ಒಬ್ಬರು ಸೀಟಿನಿಂದ ಜಾರಿದ್ರು, ಮೆಣಸಿನಕಾಯಿ ಚೀಲದ ಮ್ಯಾಲ.
ಎದಿ ಎಲ್ಲಿರತೈತಿ ಅನ್ನೋದನ್ನ ಮರತಿತ್ತು ನನ್ನ ಕೈ.
ಟಿಕೆಟ್ ಯಂತ್ರ ಹಿಡಕೊಂಡು ನಿಂತಿದ್ದೆ.
ಹಿಂದಿನ ಸೀಟಿನ ಹಮಾಲ ಎದ್ದು ಬಂದ, ಮೊಣಕಾಲೂರಿದ,
ಒತ್ತಿದ, ಎಣಿಸಿದ, ಒತ್ತಿದ, ಅಣ್ಣಿಗೇರಿ ದವಾಖಾನಿ ತನಕ.
ಯಾರು ಕಲಿಸಿದ್ರೋ, ಕೇಳಲಿಲ್ಲ. ಅಲ್ಲೇ ಇಳದು ಹೋದ.
ಪೇಪರಿನ್ಯಾಗ ನನ್ನ ಹೆಸರು ಬಂತು.
ಉಳದವರು ಈಗೂ ನನ್ನ ಬಸ್ಸು ಹತ್ತತಾರ,
ನಮಸ್ಕಾರ ಮಾಡ್ತಾರ. ನಾ ಚಿಲ್ಲರ ಹುಡಕ್ತೀನಿ.

ದಿಲ್ಶಾದ ಚಾಪಿ ಮ್ಯಾಲ ಮಲಗಿಸಿದಳು.
ವಜನ ಮುಟ್ಟಗೊಡಲಿಲ್ಲ. ಸೊಂಟದ ಕೆಳಗ ಅಂಗೈ ಇಟ್ಟು
"ಎಲ್ಲಿ ನೋಯತೈತಿ" ಅಂದಳು, ಆಮ್ಯಾಲ "ಯಾವಾಗಿಂದ,"
ಆಮ್ಯಾಲ "ಬಸ್ಸಿನ್ಯಾಗ ಯಾವ ಕಾಲಿಗೆ ಭಾರ ಕೊಟ್ಟು ನಿಲ್ತೀರಿ?"
ಯಾವ ಡಾಕ್ಟರೂ ಕೇಳಿದ್ದಿಲ್ಲ ಆ ಮಾತು.
ಆದ್ರೂ ಬಿಡಲಿಲ್ಲ ನಾ:
ಬೆನ್ನಿನ ಮಣಿ ಜರಗಿದ್ದರ ಏನ್ ಮಾಡ್ತಿ?
ಅಂಗೈ ತಗದಳು. "ಅದು ಗೊತ್ತಿಲ್ರಿ."

ಗೊತ್ತಿಲ್ಲ ಅಂದದ್ದು ಹಿಡಿಸಿತು.
ಗೊತ್ತಿಲ್ಲದ್ದು ಹಿಡಿಸಲಿಲ್ಲ.

"ಪರೀಕ್ಷೆ ಐತ್ರಿ. ಹದಿನೆಂಟು ಸಾವಿರ. ಎಲ್ಲಾ ಇಂಗ್ಲಿಷಿನ್ಯಾಗ.
ಮೀನಖಂಡ ಅಂದ್ರ ಕತ್ತಲ್ಯಾಗೂ ಮುಟ್ಟಿ ತೋರಸ್ತೀನಿ.
ಅವರ ಹೆಸರು ನಾಲಿಗಿ ಮ್ಯಾಲ ನಿಲ್ಲೂದಿಲ್ಲ."

ನಿಲ್ಲಸೋದು ನನ್ನ ಕಸಬು.
ಈಗ ರವಿವಾರ ಗದಗ ಬಸ್ಸಿಗೆ ಬರ್ತಾಳ,
ಟಿಕೆಟ್ ತಗೋತಾಳ, ಕಿಡಕಿ ಬಾಜೂನ ಕುಂದರ್ತಾಳ.
ಸ್ಟೇಜಿಗೊಂದು ಹೆಸರು:
ನಲವಡಿಗೆ ಟ್ರೈಸೆಪ್ಸ್, ಅಣ್ಣಿಗೇರಿಗೆ ಡೆಲ್ಟಾಯ್ಡ್.
ಹುಲಕೋಟಿದು ಮಾತ್ರ ಪ್ರತಿ ಸಲ ಮರೀತಾಳ,
ತುಟಿ ಅಲ್ಲಾಡತಾವ, ಬೆರಳು ತಾನಽ ಸೊಂಟಕ್ಕ ಹೋಗತೈತಿ.
ಇಳಿಯೋರು ಇಳದಾರ. ಡ್ರೈವರ್ ಕನ್ನಡ್ಯಾಗ ನನ್ನ ನೋಡ್ತಾನ.
ಸೀಟಿ ಬಾಯಾಗ ಇಟಗೊಂಡು
ನಾ ಇನ್ನೂ ಊದಿಲ್ಲ.